ಕಪ್ಪು ಬಟ್ಟೆಯೊಳಗಿಂದ ಕಂಡ ಹೊಡೆತ

ನಿಮ್ಮ ತಾತನ ಎಡಗಿವಿ ಯಾಕೆ ಕೇಳುತ್ತಿರಲಿಲ್ಲ ಎಂದು ನೀವೆಲ್ಲ ಕೇಳುತ್ತಿದ್ದಿರಿ. ಬಾಯಿಬಿಟ್ಟು ಹೇಳಲು ನಿಮ್ಮ ಅಜ್ಜಿಯಾದ ನನಗೆ ಆಗಲಿಲ್ಲ, ಬರೆಯುತ್ತಿದ್ದೇನೆ.

ಹೊಸಪೇಟೆಯಲ್ಲಿ ಬಾಗಿಲ ಚೌಕಟ್ಟು ಮಾಡುತ್ತಿದ್ದ ಅವರು ಗುಜರಿ ಅಂಗಡಿಯಿಂದ ಒಂದು ಲೆನ್ಸು ತಂದರು. ಹಿಂದೆ ವಿಮಾನದ ಹೊಟ್ಟೆಯಲ್ಲಿದ್ದು ನೆಲದ ಫೋಟೋ ತೆಗೆಯುತ್ತಿದ್ದುದಂತೆ, ರುಬ್ಬುಗುಂಡಿನಷ್ಟು ಭಾರ. ಅದಕ್ಕೊಂದು ಸಾಗವಾನಿ ಪೆಟ್ಟಿಗೆ ಕಟ್ಟಿದರು. ಮುಂದಿನ ಹಲಗೆ ಭಾರಕ್ಕೆ ಸೀಳಿತು. ಆಮೇಲೆ ಲೆನ್ಸನ್ನು ಕಬ್ಬಿಣದ ತಗಡಿಗೆ ಕೂರಿಸಿ, ಕೈಯಿಂದಲೇ ಬಿಚ್ಚುವಂಥ ನಟ್ಟು ಹಾಕಿದರು. ಹಿಂಬದಿಗೆ ಮರಳಿನಲ್ಲಿ ತಿಕ್ಕಿ ಮಬ್ಬು ಮಾಡಿದ ಗಾಜು. ಫೋಟೋ ತೆಗೆಯುವಾಗ ಅದರ ಜಾಗದಲ್ಲಿ ಎಕ್ಸ್‌ರೇ ಫಿಲ್ಮು. ಅವರ ಕಣ್ಣು ಮಂಜಾಗಿತ್ತು. ಹಾಗಾಗಿ ಕಪ್ಪು ಬಟ್ಟೆ ಹೊದ್ದು, ಗಾಜಿನಲ್ಲಿ ಚಿತ್ರ ಸ್ಪಷ್ಟವಾಯಿತೇ ಎಂದು ನೋಡುವ ಕೆಲಸ ನನ್ನದು. ಬಟ್ಟೆಯೊಳಗೆ ನನ್ನನ್ನು ಯಾರೂ ನೋಡುತ್ತಿರಲಿಲ್ಲ, ಅದು ಹಿತವಾಗಿತ್ತು.

ಸಂಡೂರಿನ ಗುಡ್ಡದ ಫೋಟೋ ತೆಗೆಯಲು ಹೋದೆವು. ದಾರಿಯಲ್ಲಿ ಒಂದು ಗಣಿಯ ಕಾವಲಿನವನು, "ಏನದು?" ಎಂದ.

"ವಿಮಾನದಾಗಿಂದ ಭೂಮಿ ಅಳೆಯೋ ಕಣ್ಣು ಇದುರಿ," ಎಂದು ಇವರು ಹೆಮ್ಮೆಯಿಂದ ಹೇಳಿದರು. ಗಡಿ ಮೀರಿ ಅಗೆಯುತ್ತಿದ್ದ ಗಣಿಯವರ ಮುಂದೆ ಅಳತೆಯ ಮಾತು ಎತ್ತಬಾರದಿತ್ತು.

ಗುಡ್ಡದ ಬುಡದಲ್ಲಿ ನಾನು ಬಟ್ಟೆಯೊಳಗೆ ಹೊಕ್ಕೆ. ಚಿತ್ರ ಸ್ಪಷ್ಟ ಮಾಡಿಕೊಳ್ಳಲು ಗುರುತಿಗೆಂದು ಇವರು ಎದುರಿಗೆ ಟವೆಲ್ ಹಿಡಿದು ನಿಂತರು. ಆ ಗಾಜಿನಲ್ಲಿ ಎಲ್ಲವೂ ತಲೆಕೆಳಗು. ಗಣಿಯ ಕಡೆಯ ಮೂವರು ದೊಣ್ಣೆ ಹಿಡಿದು ಆಕಾಶಕ್ಕೆ ಕಾಲು ಹಚ್ಚಿ ಓಡಿಬಂದರು. ಒಂದು ದೊಣ್ಣೆ ಕೆಳಗಿನಿಂದ ಮೇಲಕ್ಕೆ ಹೋಗಿ ಇವರ ಎಡಗಿವಿಗೆ ಬಡಿಯಿತು. ರಕ್ತ ಮೇಲಕ್ಕೆ ಹರಿಯಿತು.

"ಯಾರಿಗಲೇ ಅಳತಿ ಕೊಡ್ತಿ, ಮುದ್ಯಾ?"

"ಫೋಟೋರಿ, ಬರೇ ಫೋಟೋ."

"ನಿನ್ನ ಫೋಟೋಕ್ಕ ಹಾರ ಹಾಕ್ತೀವಿ, ತಡಿ."

ನಾನು ಬಟ್ಟೆ ಸರಿಸಿ ಹೊರಬಂದೆ. ಇವರು ನೆಲದ ಮೇಲಿದ್ದರು. ಒಬ್ಬ ಬೂಟುಗಾಲಿನಿಂದ ಎದೆ ತುಳಿಯುತ್ತಿದ್ದ. ನಟ್ಟು ಬಿಚ್ಚಿದೆ, ಲೆನ್ಸನ್ನು ಕಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿದೆ, ಓಡಿಹೋಗಿ ಬೀಸಿದೆ. ತುಳಿಯುತ್ತಿದ್ದವನ ಮೊಣಕಾಲು ಕಟಕ್ಕೆಂದಿತು. ಅವನು ಬಿದ್ದ. ಮತ್ತೆ ಬೀಸಿದೆ, ಗಂಟು ಬಂಡೆಗೆ ಬಡಿದು ಒಳಗೆ ಗಾಜು ಪುಡಿಯಾಯಿತು. ಮೂರನೆಯ ಸಲ ಎತ್ತಿದಾಗ ಚೂರುಗಳು ಬಟ್ಟೆ ಹರಿದು ನನ್ನ ಅಂಗೈ ಕೊಯ್ದವು. ಆದರೂ ಬಿಡಲಿಲ್ಲ.

"ಈಕಿಗೆ ಹುಚ್ಚ ಹಿಡದೈತಲೇ, ನಡೀರಿ," ಎಂದು ಉಳಿದಿಬ್ಬರು ಅವನನ್ನು ಎಳೆದುಕೊಂಡು ಹೋದರು.

ಹೊಸಪೇಟೆಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವರು ಮೊದಲು ಕೇಳಿದ್ದು, "ಲೆನ್ಸು?"

"ಒಡೀತ್ರಿ."

"ಯಾರ ಒಡದ್ರು?"

"ನಾನ."

ನನ್ನ ಅಂಗೈಗೆ ಕಟ್ಟಿದ್ದ ಪಟ್ಟಿಯನ್ನು ಮುಟ್ಟಿ ನೋಡಿದರು.

"ಅವನ ಮೊಣಕಾಲು?"

"ಅದೂ ಒಡೀತು."

"ಹಂಗಾದ್ರ ಹೋಗ್ಲಿ ಬಿಡು," ಎಂದು ನಕ್ಕರು. ತುಟಿಯ ಹೊಲಿಗೆ ಬಿಟ್ಟು ರಕ್ತ ಬಂತು. ನಗಬ್ಯಾಡ್ರಿ ಎಂದು ಸೆರಗಿನಿಂದ ಒತ್ತಿ ಹಿಡಿದೆ.