ಒಂಬತ್ತು ಹಲ್ಲಿನ ಮರ್ಯಾದೆ

ಇಂಗ್ಲಿಷ್ ಓದಬಲ್ಲವನಿಗೆ ನಮ್ಮ ಮನೆಯಲ್ಲಿ ಒಂದು ಶಿಕ್ಷೆ ಕಾದಿರುತ್ತದೆ. ಯಾವ ಯಂತ್ರ ಬಂದರೂ ಅದರ ಜೊತೆ ಬರುವ ಪುಸ್ತಕವನ್ನು ಅವನೇ ಓದಿ ಹೇಳಬೇಕು. ಯಂತ್ರ ಕೆಟ್ಟರೆ ಅವನೇ ತಪ್ಪು ಓದಿದನೆಂದು ತೀರ್ಮಾನವಾಗುತ್ತದೆ. ನಾನು ಕೊಯಮತ್ತೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಸನ್ನೆಗೋಲಿನ ತತ್ವವನ್ನು ಕಪ್ಪುಹಲಗೆಯ ಮೇಲೆ ಮೂರು ಬಗೆಯಲ್ಲಿ ಸಾಧಿಸಿ ತೋರಿಸಬಲ್ಲೆ. ಆದರೆ ನಮ್ಮ ಬಾವಿಯ ಪಂಪ್‌ಸೆಟ್ ನಾನು ಮುಟ್ಟಿದರೆ ಸಾಕು, ನಿಂತುಬಿಡುತ್ತದೆ. ಮನೆಯವರಿಗೆ ಇಷ್ಟೆಲ್ಲ ಗೊತ್ತಿದ್ದೂ, ಅನ್ನೂರಿನ ಹತ್ತಿರ ನಮ್ಮ ಬೇಸಾಯ ನೋಡಿಕೊಳ್ಳುವ ಅಣ್ಣ ಈ ವರ್ಷ ಒಂದು ಪುಟ್ಟ ಟ್ರ್ಯಾಕ್ಟರ್ ತಂದಾಗ ಪುಸ್ತಕ ಬಂದು ಬಿದ್ದದ್ದು ನನ್ನ ತೊಡೆಯ ಮೇಲೆಯೇ. ಅಣ್ಣನ ಬಗ್ಗೆ ನಾನು ಇಲ್ಲಿ ಧೈರ್ಯವಾಗಿ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ.

ಟ್ರ್ಯಾಕ್ಟರ್ ನಿಜಕ್ಕೂ ಪುಟ್ಟದು. ಹದಿನೆಂಟು ಕುದುರೆಗಳ ಬಲವಂತೆ. ಅಮ್ಮ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಮರಿ ತಾನೇ? ತಾಯಿ ಎಲ್ಲಪ್ಪಾ?" ಎಂದು ಕೇಳಿದರು. ಅಣ್ಣ ಆ ಮಾತನ್ನು ಇನ್ನೂ ಕ್ಷಮಿಸಿಲ್ಲ.

ಮಾರನೆಯ ದಿನ ಗೊತ್ತಾದದ್ದೇನೆಂದರೆ, ಬರೀ ಟ್ರ್ಯಾಕ್ಟರ್ ಏನೂ ಮಾಡುವುದಿಲ್ಲ. ಹೊಲದಲ್ಲಿ ಆ ತುದಿಗೆ ಹೋಗುತ್ತದೆ, ಈ ತುದಿಗೆ ಬರುತ್ತದೆ, ಅಷ್ಟೇ. ಅದರ ಬೆನ್ನಿಗೆ ಏನಾದರೂ ಕಟ್ಟಿದರೆ ಮಾತ್ರ ಅದಕ್ಕೊಂದು ಕೆಲಸ. ವೇದಾಂತಿಗಳು ಇದನ್ನೇ ಉಪಾಧಿ ಎನ್ನುವುದು. ನಿರ್ಗುಣ ಬ್ರಹ್ಮನನ್ನು ಧ್ಯಾನಿಸಿ ಮುಕ್ತರಾದವರು ಇರಬಹುದು. ನಿರ್ಗುಣ ಟ್ರ್ಯಾಕ್ಟರಿನಿಂದ ಒಂದು ಸೇರು ಜೋಳವೂ ಬೆಳೆಯುವುದಿಲ್ಲ. ಪುಸ್ತಕದಲ್ಲಿ ಇಂಥ ಉಪಾಧಿಗಳ ಹದಿನಾಲ್ಕು ಚಿತ್ರಗಳಿದ್ದವು. ಮಣ್ಣು ಕೆದಕುವುದು, ಮಗುಚುವುದು, ಪುಡಿ ಮಾಡುವುದು, ಬದು ಕಟ್ಟುವುದು, ಗುಂಡಿ ತೋಡುವುದು. ನಮ್ಮ ಎತ್ತುಗಳು ಇದರಲ್ಲಿ ಮುಕ್ಕಾಲು ಕೆಲಸವನ್ನು ಯಾವ ಚಿತ್ರವೂ ಇಲ್ಲದೆ ಮಾಡಿಕೊಂಡಿದ್ದವು.

ಆ ಎತ್ತುಗಳನ್ನು ಅಣ್ಣ ಟ್ರ್ಯಾಕ್ಟರ್ ಬಂದ ವಾರವೇ ಮಾರಿಬಿಟ್ಟಿದ್ದ. ಎರಡು ಜೋಡಿ. ಆಡಿ ತಿಂಗಳ, ಅಂದರೆ ಆಷಾಢದ, ಮಳೆ ಬೀಳುವುದರೊಳಗೆ ಟ್ರ್ಯಾಕ್ಟರಿನ ಬೆನ್ನಿಗೆ ಸರಿಯಾದದ್ದು ಸಿಗದಿದ್ದರೆ ಈ ವರ್ಷ ಹೊಲ ಬೀಳು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಬದಲಿಗೆ ಸಲಹೆ ಕೊಡುತ್ತಿದ್ದರು. ಅಮ್ಮನಿಗೆ ಟ್ರೇಲರ್ ಬೇಕು, ಎಲ್ಲರೂ ಕೂತು ಕುಲದೇವರಿಗೆ ಹೋಗಬಹುದು. ಎತ್ತುಗಳನ್ನು ಕೈಯಾರೆ ಮೇಯಿಸಿದ್ದ ಅತ್ತಿಗೆ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು, "ಕರೆದ್ರೆ ತಿರುಗಿ ನೋಡೋದು ಯಾವುದಾದ್ರೂ ಇದೆಯಾ ಇದ್ರಲ್ಲಿ?" ಎಂದರು. ನಾನು ಪುಟ ತಿರುವಿ ನೋಡಿದೆ. ಇರಲಿಲ್ಲ.

ಅಣ್ಣನಿಗೆ ಬೇಕಾದದ್ದು ಒಂದೇ: ಒಂಬತ್ತು ಕಲಪ್ಪೆ. ಅಂದರೆ ಮಣ್ಣು ಕೆದಕುವ ಒಂಬತ್ತು ಹಲ್ಲಿನ ಕಲ್ಟಿವೇಟರು. ಯಾಕೆಂದರೆ ಅವನ ಷಡ್ಡಕನ ಬಳಿ ಒಂಬತ್ತಿನದು ಇತ್ತು. ಷಡ್ಡಕನ ಟ್ರ್ಯಾಕ್ಟರ್ ಆನೆಯಂಥದ್ದು ಎಂದು ನಾನು ಹೇಳಿದೆ. ನಮ್ಮದರ ಬೆನ್ನಿಗೆ ಅಷ್ಟು ಭಾರ ಕಟ್ಟಿದರೆ ಮುಂದಿನ ಚಕ್ರಗಳು ನೆಲ ಬಿಟ್ಟು ಏಳುತ್ತವೆ ಎಂದು ಸನ್ನೆಗೋಲಿನ ಚಿತ್ರ ಬರೆದು ತೋರಿಸಿದೆ. ಅಣ್ಣ ಆ ಕಾಗದವನ್ನು ಮಡಿಸಿ ಅದರಲ್ಲಿ ಅಡಿಕೆಪುಡಿ ಕಟ್ಟಿಕೊಂಡ. ನಮ್ಮ ಹೊಲದ ದಾರಿಯನ್ನೂ ನೆನಪಿಸಿದೆ. ಆ ಕಡೆ ಅದನ್ನು ಇಟ್ಟೇರಿ ಎನ್ನುತ್ತಾರೆ: ಎರಡು ಪಕ್ಕವೂ ಮುಳ್ಳುಬೇಲಿ, ನಡುವೆ ಒಂದು ಎತ್ತಿನ ಗಾಡಿ ನುಸುಳುವಷ್ಟು ಜಾಗ. ಅತ್ತಿಗೆಯ ಹೊಲಿಗೆ ಟೇಪು ಹಿಡಿದು ಅಳೆದೂ ಬಂದೆ. ಮುಳ್ಳು ಚುಚ್ಚಿಸಿಕೊಂಡದ್ದೇ ಲಾಭ.

ಕೊನೆಗೆ ಇಬ್ಬರೂ ಟೌನ್ ಬಸ್ಸು ಹಿಡಿದು ಕುರಿಚಿಗೆ ಹೋದೆವು. ಅಲ್ಲಿ ಇಂಥವನ್ನು ಹೇಳಿ ಮಾಡಿಸಬಹುದು. ವರ್ಕ್‌ಶಾಪಿನ ಯಜಮಾನರು ಉದ್ದನೆಯ, ಸಣಕಲು ಮನುಷ್ಯ; ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಏನು ಬೇಕೆಂದು ತಮಿಳಿನಲ್ಲಿ ಕೇಳಿದರು.

ಇಲ್ಲಿ ನಮ್ಮ ಜನರ ಒಂದು ಅಭ್ಯಾಸ ಹೇಳಬೇಕು. ನಮ್ಮ ಹಿರಿಯರು ಯಾವ ಕಾಲದಲ್ಲೋ ಘಟ್ಟ ಇಳಿದು ಈ ಸೀಮೆಗೆ ಬಂದವರು. ಹೊಸಿಲಿನ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹೊರಗೆ ಕನ್ನಡಕ್ಕೆ ಒಂದೇ ಉಪಯೋಗ: ಎದುರಿಗಿರುವವರಿಗೆ ತಿಳಿಯದಂತೆ ಮಾತಾಡಿಕೊಳ್ಳುವುದು. ಸೀರೆ ಅಂಗಡಿಯಲ್ಲಿ, ಹೆಣ್ಣು ನೋಡಲು ಹೋದಲ್ಲಿ, ಡಾಕ್ಟರ ಮುಂದೆ ಕೂಡ. ಇದೇ ಮಾತಾಡುವ ಮನೆಗಳು ಜಿಲ್ಲೆಯ ತುಂಬ ಇವೆಯೆಂದು ನಮಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೂ ಕನ್ನಡಕ್ಕೆ ಹೊರಳಿದ ಕೂಡಲೇ ಬಾಗಿಲು ಹಾಕಿ ಅಗಣಿ ಇಟ್ಟಷ್ಟು ಧೈರ್ಯ ಬಂದುಬಿಡುತ್ತದೆ.

"ಕೊಕ್ಕರೆ ಹಂಗೆ ಇದಾನೆ ನೋಡು," ಎಂದು ಅಣ್ಣ ಶುರು ಮಾಡಿದ. "ಹುಷಾರಾಗಿರು, ತಲೇಗೆ ಏನಾದ್ರೂ ಕಟ್ಬಿಡ್ತಾನೆ."

"ಐದು ಹಲ್ಲಿಂದು ಸಾಕು ಅಂತ ಹೇಳಣ್ಣಾ," ಎಂದೆ. "ಒಂಬತ್ತಿಂದು ಇಟ್ಟೇರೀಲಿ ಹೋಗೋದೇ ಇಲ್ಲ."

ಅಣ್ಣ ಸುತ್ತ ಒಮ್ಮೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಗೊತ್ತು ತಮ್ಮಾ. ಐದೇ ಸರಿ. ಎತ್ತು ಬೇರೆ ಮಾರ್ಬಿಟ್ಟೆ, ಇದು ಎಳೀದೆ ಹೋದ್ರೆ ಏನ್ಮಾಡೋದು ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಆದ್ರೆ ಇಷ್ಟು ಜನರ ಮುಂದೆ ಐದು ಅಂತ ಹೆಂಗೆ ಕೇಳೋದು?"

ಇಷ್ಟು ಜನ ಎಂದರೆ ತಮ್ಮ ಸರದಿಗೆ ಕಾಯುತ್ತಿದ್ದ ನಾಲ್ಕು ಮಂದಿ ರೈತರು. ನನಗೆ ಅವನನ್ನು ಕಂಡು ಅಯ್ಯೋ ಎನಿಸಿತು. ಆ ಅಯ್ಯೋ ಬಾಯಿಗೆ ಬರುವಷ್ಟರಲ್ಲಿ ಅವನು ಯಜಮಾನರ ಕಡೆ ತಿರುಗಿ, ಎದೆಯುಬ್ಬಿಸಿ, ನಾಲ್ವರಿಗೂ ಕೇಳುವಂತೆ, "ಒಂಬದು ಕಲಪ್ಪೈ. ನಲ್ಲಾ ಗನಮಾ ಇರುಕ್ಕೋಣುಂ" ಎಂದುಬಿಟ್ಟ. ಒಂಬತ್ತೇ ಬೇಕು, ಚೆನ್ನಾಗಿ ತೂಕವಾಗಿರಬೇಕು! ಯಜಮಾನರು ಕನ್ನಡಕ ಏರಿಸಿ ಅಣ್ಣನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಮೂರು ವಾರ ಬಿಟ್ಟು ಬನ್ನಿ ಎಂದರು. ಬಸ್ಸಿನಲ್ಲಿ ಅನ್ನೂರು ಬರುವವರೆಗೆ ನಾನು ಅಣ್ಣನ ಜೊತೆ ಮಾತಾಡಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ.

ಮೂರು ವಾರ ಕಳೆದು ಹೋದಾಗ ಆಕಾಶ ಕಪ್ಪಾಗಿತ್ತು. ವರ್ಕ್‌ಶಾಪಿನ ಅಂಗಳದಲ್ಲಿ ನೀಲಿ ಬಣ್ಣ ಬಳಿದುಕೊಂಡು ನಮ್ಮ ಕಲ್ಟಿವೇಟರು ನಿಂತಿತ್ತು. ಅಣ್ಣ ಹಲ್ಲು ಎಣಿಸಿದ. ಇನ್ನೊಮ್ಮೆ ಎಣಿಸಿದ. ಐದು. ಒಂಬತ್ತು ಕೇಳಿದವನಿಗೆ ಐದು ಮಾಡಿಕೊಡುವುದು ಯಾವ ಊರಿನ ನ್ಯಾಯವೆಂದು ತಮಿಳಿನಲ್ಲಿ ಅವನು ಹಾಕಿದ ಕೂಗಿಗೆ ಪಕ್ಕದ ಫೌಂಡ್ರಿಯವರೂ ಇಣುಕಿದರು.

ಯಜಮಾನರು ಕನ್ನಡಕ ಒರೆಸುತ್ತ, ಮೆಲ್ಲಗೆ, ಕನ್ನಡದಲ್ಲಿ ಹೇಳಿದರು: "ಅಣ್ಣಾ, ತಮಿಳಲ್ಲಿ ನೀವು ಒಂಬತ್ತು ಕೇಳಿದ್ರಿ. ಕನ್ನಡದಲ್ಲಿ ಐದೇ ಸರಿ ಅಂದ್ರಿ. ಮನೇ ಮಾತಲ್ಲಿ ಹೇಳಿದ್ದೇ ನಿಜ ಇರ್ಬೇಕು ಅಂತ ಐದು ಮಾಡ್ಬಿಟ್ಟೆ. ನಾವು ಸೋಮನೂರಿನ ಮಗ್ಗದ ಮನೆಯವರು, ನಮ್ಮ ಮನೇಲೂ ಇದೇ ಮಾತು. ಒಂಬತ್ತೇ ಬೇಕಂದ್ರೆ ಇನ್ನೂ ಮೂರು ವಾರ. ಅಷ್ಟ್ರಲ್ಲಿ ಮಳೆ ಬಂದ್ಬಿಡುತ್ತೆ."

ಅಣ್ಣ ನೆಲ ನೋಡುತ್ತ ನಿಂತ. "ಆವತ್ತು ಆ ಕೊಕ್ಕರೆ ಅಂತ..." ಎಂದು ಏನೋ ಹೇಳಹೊರಟ.

"ಅದನ್ನ ಬಿಡಿ. ನನ್ನ ಹೆಂಡ್ತಿಯೂ ಅದೇ ಹೇಳೋದು."

ನಾಲ್ಕನೆಯ ದಿನ ಮಳೆ ಬಿತ್ತು. ಐದು ಹಲ್ಲಿನದು ಇಟ್ಟೇರಿಯಲ್ಲಿ ಎರಡು ಕಡೆಯ ಬೇಲಿಗೂ ತಗಲದಂತೆ ಸಾಗಿ, ಮುಂದಿನ ಚಕ್ರ ಏಳಿಸದೆ ಹೊಲವನ್ನೆಲ್ಲ ಉತ್ತು ಮುಗಿಸಿತು. ನನಗಾದ ನೆಮ್ಮದಿ ಒಂದು ವಾರವೂ ಬಾಳಲಿಲ್ಲ. ಪುಟ್ಟ ಟ್ರ್ಯಾಕ್ಟರಿಗೆ ಐದೇ ಸರಿಯೆಂದು ತಾನೇ ಲೆಕ್ಕ ಹಾಕಿ ಮಾಡಿಸಿದ್ದಾಗಿ ಅಣ್ಣ ಊರಿಗೆಲ್ಲ ಹೇಳತೊಡಗಿದ. ನನ್ನ ಸನ್ನೆಗೋಲಿನ ಚಿತ್ರವನ್ನೂ ಷಡ್ಡಕನಿಗೆ ತಾನೇ ಮಣ್ಣಿನ ಮೇಲೆ ಗೀಚಿ ವಿವರಿಸಿದ. ಚಿತ್ರ ತಪ್ಪಾಗಿತ್ತು. ಸಿಟ್ಟಿಗೆ ನಾನು ಇದನ್ನೆಲ್ಲ ನಡೆದದ್ದು ನಡೆದ ಹಾಗೆ ಬರೆದಿಡಲು ಕೂತೆ.

ಮೊನ್ನೆ ಭಾನುವಾರ ಅಣ್ಣ ಕುರಿಚಿಯ ಯಜಮಾನರನ್ನು ಊಟಕ್ಕೆ ಕರೆದಿದ್ದ. ಕೈ ತೊಳೆದು ಬಂದವರು ಮಂಚದ ಮೇಲೆ ಹರಡಿದ್ದ ನನ್ನ ಹಾಳೆಗಳನ್ನು ಕಂಡು, ಕನ್ನಡಕ ಏರಿಸಿ, "ಓಹೋ, ಕನ್ನಡ!" ಎಂದು ಕೂತರು. ಅಕ್ಷರವನ್ನು ಅವರಿಗೆ ಅಜ್ಜ ಕಲಿಸಿದ್ದರಂತೆ. ಹಾಳೆಗಳನ್ನು ಎತ್ತಿಕೊಳ್ಳಲು ನಾನು ಎದ್ದೆ.

"ಹೌದಾ? ನನ್ ಬಗ್ಗೆ ಏನು ಬರ್ದಿದಾನೆ, ಸ್ವಲ್ಪ ಓದಿ ಹೇಳಿ," ಎಂದು ಅಣ್ಣ ಪಕ್ಕದಲ್ಲಿ ಬಂದು ನಿಂತ.

ಯಜಮಾನರು ಇಲ್ಲಿಯವರೆಗಿನ ಹಾಳೆಗಳನ್ನು ನಿಧಾನವಾಗಿ ಒಂದೊಂದಾಗಿ ಮನಸ್ಸಿನಲ್ಲೇ ಓದಿದರು. ಕೊಕ್ಕರೆಯ ಹತ್ತಿರ ಬಂದಾಗ ಅವರ ತುಟಿ ಸ್ವಲ್ಪ ಕದಲಿತು. ಕೊನೆಯ ಹಾಳೆ ಮಗುಚಿಟ್ಟು, ನನ್ನ ಮುಖವನ್ನೊಮ್ಮೆ ನೋಡಿ ಹೇಳಿದರು: "ನಮ್ಮಣ್ಣ ತಾನೇ ಯೋಚನೆ ಮಾಡಿ ಐದೇ ಸಾಕು ಅಂದ್ರು, ಅದ್ರಿಂದ ಈ ವರ್ಷ ಹೊಲ ಉಳೀತು ಅಂತ ಬರ್ದಿದಾರೆ."

ಅಣ್ಣ ಗಂಭೀರವಾಗಿ ತಲೆಯಾಡಿಸಿದ. "ಪರವಾಗಿಲ್ಲ ತಮ್ಮಾ," ಎಂದ. "ಇದೊಂದನ್ನ ಸರಿಯಾಗಿ ಬರ್ದಿದೀಯ."