ಆಕಾಶಕ್ಕೆ ಹೊಡೆದವನು

ವರ್ಜಿಲ್ ಟ್ವೈಟ್ ಅಮೆರಿಕದ ಮಿನೆಸೋಟಾದ ಕಡೆಯವನು, ಹಸು ಸಾಕಿ ಹಾಲು ಮಾರುವವರ ಮಗ. ವಾಯುಪಡೆಗೆ ಸೇರಿ ಜೆಟ್ ವಿಮಾನ ಹಾರಿಸಲು ಕಲಿತ ಮೇಲೂ ಅವನ ನಡಿಗೆ ಕೊಟ್ಟಿಗೆಯದೇ. ಕೆಸರು ತುಳಿಯುವವನಂತೆ ಕಾಲೆತ್ತಿ ಇಡುತ್ತಿದ್ದ. ಚಿಕ್ಕ ವಯಸ್ಸಿನಲ್ಲೇ ನಾರ್ತ್ ಡಕೋಟಾದ ಗೋಧಿ ಬಯಲಿನ ವಾಯುನೆಲೆಗೆ ಬಂದ. ರಷ್ಯಾದ ಬಾಂಬರುಗಳು ಉತ್ತರ ಧ್ರುವದ ಮೇಲಿಂದ ಯಾವಾಗ ಬಂದಾವೋ ಎಂದು ಎಲ್ಲರೂ ಆಕಾಶ ಕಾಯುತ್ತಿದ್ದ ಕಾಲ ಅದು.

ಕಟಾವಿಗೆ ಮುಂಚಿನ ಒಂದು ಮಧ್ಯಾಹ್ನ ರಾಡಾರಿನಲ್ಲಿ ಗುರುತು ಸಿಗದ ಚುಕ್ಕೆಯೊಂದು ಕಂಡಿತು. "ಹತ್ರ ಹೋಗಿ ನೋಡ್ಕೊಂಡ್ ಬನ್ನಿ, ಅಷ್ಟೇ" ಎಂದು ಅಪ್ಪಣೆಯಾಯಿತು. ವರ್ಜಿಲ್ ವಿಮಾನ ಏರಿಸಿದ. ಹಿಂದಿನ ಸೀಟಿನಲ್ಲಿ ರಾಡಾರು ನೋಡುವ ಡ್ಯೂಯಿ ಪ್ರೇದರ್ ಇದ್ದ.

ಇಬ್ಬರೂ ಅದನ್ನು ಕಂಡರು. ರೆಕ್ಕೆಯಿಲ್ಲ, ಬಾಲವಿಲ್ಲ, ಹೊಗೆಯಿಲ್ಲ. ತೊಳೆದಿಟ್ಟ ಬೋಗುಣಿಯ ಹಾಗೆ ಬೆಳ್ಳಗೆ, ಗುಂಡಗೆ, ಬಿಸಿಲಲ್ಲಿ ಸುಮ್ಮನೆ ನಿಂತಿತ್ತು.

"ಏನೋ ಇದು?" ಎಂದ ಡ್ಯೂಯಿ. ಮರುಗಳಿಗೆಯೇ ಕೂಗಿದ, "ಲೋ, ನಮ್ ಕಡೇನೇ ಬರ್ತಿದೆ! ತಿರುಗ್ಸೋ!"

ತಿರುಗಿಸಲು ಜಾಗವೂ ಇತ್ತು, ಹೊತ್ತೂ ಇತ್ತು. ಆದರೆ ವರ್ಜಿಲ್ ಹೆದರಿದ. ಬೆರಳು ತಾನಾಗಿ ರಾಕೆಟ್ಟಿನ ಗುಂಡಿ ಒತ್ತಿತು. ರಾಕೆಟ್ಟುಗಳು ಹಿಂಡುಹಿಂಡಾಗಿ ಹೊರಟವು. ಆ ವಸ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಹೋಗಿ ಮಾಯವಾಯಿತು. ರಾಕೆಟ್ಟುಗಳು ಮಾತ್ರ ಬಯಲಿಗೆ ಇಳಿದವು. ಕೆಳಗೆ ಹೊಗೆ ಏಳುವುದನ್ನು ಅವನು ಕಂಡ.

ಬಿದ್ದದ್ದು ಗಾಟ್ಲೀಬ್ ವೆಂಟ್ಸ್ ಎಂಬ ಮುದುಕನ ಕುದುರೆ ಲಾಯದ ಮೇಲೆ. ಟ್ರ್ಯಾಕ್ಟರ್ ಬಂದ ಮೇಲೂ ಮುದುಕ ತನ್ನ ಜೋಡಿ ಕುದುರೆಗಳನ್ನು ಮಾರಿರಲಿಲ್ಲ. ಎರಡೂ ಸತ್ತವು. ಕಾದ ಚಿಲಕವನ್ನು ತೆಗೆಯಲು ಹೋಗಿ ಅವನ ಎರಡು ಕೈಗಳೂ ಸುಟ್ಟವು. ಬೆಂಕಿ ಆರಿಸಲು ಬಂದ ವಾಯುನೆಲೆಯ ಲಾರಿಗಳು ರಾಕೆಟ್ಟಿನ ಚೂರೆಲ್ಲ ಹೆಕ್ಕಿಕೊಂಡು ಹೋದವು.

"ಮೇಲೆ ಏನೂ ಇರ್ಲಿಲ್ಲ, ಕೆಳಗೆ ಏನೂ ಬೀಳ್ಲಿಲ್ಲ. ಅರ್ಥ ಆಯ್ತಾ?" ಎಂದ ವಾಯುನೆಲೆಯ ಮೇಜರ್.

"ಆಯ್ತು, ಸಾರ್" ಎಂದ ವರ್ಜಿಲ್.

ಊರು ತನಗೆ ತೋಚಿದ ಕತೆ ಕಟ್ಟಿತು. ಪೇಟೆಯ ಹೋಟೆಲಿನಲ್ಲಿ ವರ್ಜಿಲ್ ಕಾಫಿ ಕುಡಿಯುತ್ತಿದ್ದಾಗ ಪಕ್ಕದ ಮೇಜಿನವರು ನಗುತ್ತಿದ್ದರು. "ಗಾಟ್ಲೀಬಜ್ಜ ಲಾಯದಲ್ಲೇ ಪೈಪ್ ಸೇದಿ ನಿದ್ದೆ ಹೋಗಿದಾನೆ. ಈಗ ಆಕಾಶದಿಂದ ಬೆಂಕಿ ಬಿತ್ತು ಅಂತಾನೆ!" "ಅವನ ಹೆಂಡ್ತಿ ಕಣ್ಣಿಗೂ ಬಿತ್ತಂತೆ, ಗಂಡನ ಮಾನ ಕಾಯ್ಬೇಕಲ್ಲ!" ವರ್ಜಿಲ್ ತಲೆ ತಗ್ಗಿಸಿ ಕೂತ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಹಲವು ದಿನ ಕನ್ನಡಿ ನೋಡದೆ ಗಡ್ಡ ಹೆರೆದುಕೊಂಡು ಮುಖ ಕೊಯ್ದುಕೊಂಡ. ಕೊನೆಗೊಂದು ಮಧ್ಯಾಹ್ನ ಸಮವಸ್ತ್ರದಲ್ಲೇ ವೆಂಟ್ಸ್ ಮನೆಗೆ ಹೋದ.

ಬಾಗಿಲು ತೆಗೆದವಳು ಮುದುಕನ ಹೆಂಡತಿ ಒಟೀಲಿಯಾ.

"ಅಮ್ಮಾ, ಬೆಂಕಿ ಲಾಯದೊಳಗೆ ಹುಟ್ಟಿದ್ದಲ್ಲ. ಮೇಲಿಂದ ಬಿದ್ದಿದ್ದು. ಹೊಡೆದೋನು ನಾನು."

ಅವಳು ಬೈಯಲಿಲ್ಲ. ಒಳಗಿನಿಂದ ಗಾಟ್ಲೀಬ್ ಕೂಗಿದ, "ಯಾರೇ ಅದು? ಸೂಪು ಆರ್ತಾ ಇದೆ!" ಅವಳು ವರ್ಜಿಲನನ್ನು ಒಳಗೆ ಕರೆದು ಚಮಚ ಕೈಗೆ ಕೊಟ್ಟಳು. "ಹೊತ್ತೊತ್ತಿಗೂ ತಿನ್ಸಿ ನನ್ ಕೈ ಸೋತಿದೆ. ಇವತ್ತು ನೀನ್ ತಿನ್ಸು."

ಮುದುಕನ ಎರಡು ಕೈಗೂ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ವರ್ಜಿಲ್ ಚಮಚ ಎತ್ತಿದ. ಅದು ಬಾಯಿ ತಪ್ಪಿ ಸೂಪು ಮುದುಕನ ಗಲ್ಲದ ಮೇಲೆ ಚೆಲ್ಲಿತು.

"ನಿನ್ ಗುರಿ ಇಷ್ಟೇನಾ? ಬಾಯಿ ಇಲ್ಲಿದೆ" ಎಂದ ಗಾಟ್ಲೀಬ್. ಬಾಗಿಲಲ್ಲಿ ಆಡಿದ ಮಾತು ಅವನಿಗೂ ಕೇಳಿತ್ತು. ನುಂಗಿದ ಮೇಲೆ ಕೇಳಿದ, "ಮೇಲೆ ಯಾವುದಕ್ಕಪ್ಪ ಹೊಡ್ದಿದ್ದು?"

"ಗೊತ್ತಿಲ್ಲ ಅಜ್ಜ."

"ನಿಂಗೇನ್ ಮಾಡ್ತು?"

"ಏನೂ ಮಾಡ್ಲಿಲ್ಲ. ಹತ್ರ ಬಂತು, ಅಷ್ಟೇ."

ಮುದುಕ ಕಿಟಕಿಯಾಚೆ ಸುಟ್ಟ ಲಾಯದ ಕಡೆ ನೋಡಿದ. "ನನ್ ಕುದುರೆಗಳೂ ಹಂಗೇ. ಹೊಸಬ್ರು ಕಂಡ್ರೆ ಸಾಕು, ಮೂಸೋಕೆ ಹತ್ರ ಹೋಗ್ತಿದ್ವು."

ಆ ಮಾತಿಗಿಂತ ಕಪಾಳಕ್ಕೆ ಬಿಗಿದಿದ್ದರೆ ವರ್ಜಿಲನಿಗೆ ಹಗುರವಾಗುತ್ತಿತ್ತು. ಆದರೂ ಬಟ್ಟಲು ಬರಿದಾಗುವವರೆಗೆ ತಿನ್ನಿಸಿದ.

ಆ ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಎದ್ದು ನಿಂತು ಊರಿನ ಮುಂದೆ ಎಲ್ಲ ಹೇಳಿದ. ಹೋಟೆಲಿನಲ್ಲಿ ನಕ್ಕವರು ನೆಲ ನೋಡಿದರು. ಡ್ಯೂಯಿ ಮಾತ್ರ, "ನಾನೇನೂ ನೋಡಿಲ್ಲ" ಎಂದು ಮೇಜರ್ ಮುಂದೆ ಸಹಿ ಹಾಕಿದ. ವರ್ಜಿಲನನ್ನು ವಾಯುಪಡೆಯಿಂದ ಹೊರಗೆ ಹಾಕಿದರು. ತಂದೆಗೆ ಮುಖ ತೋರಿಸಲಾರದೆ ಅವನು ಅಲ್ಲೇ ಉಳಿದ. ಲಾಯವನ್ನು ಹೊಸದಾಗಿ ಕಟ್ಟಿಕೊಟ್ಟ. ಶಾಲೆಯ ಬಸ್ಸು ಓಡಿಸಿ ಹೊಟ್ಟೆ ಹೊರೆದ. ಗಾಟ್ಲೀಬನ ಬೆರಳುಗಳು ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ, ಹಾಗಾಗಿ ಪ್ರತಿ ಕಟಾವಿಗೂ ವರ್ಜಿಲ್ ಅವನ ಹೊಲಕ್ಕೆ ಇಳಿದ.

ಹಾರುವ ತಟ್ಟೆಗಳ ಹುಚ್ಚಿನವರು ದೂರದಿಂದ ಹುಡುಕಿಕೊಂಡು ಬರುತ್ತಿದ್ದರು. "ಅದು ಹೇಗಿತ್ತು ಸಾರ್? ಒಳಗೆ ಯಾರಿದ್ರು? ವೇದಿಕೆ ಮೇಲೆ ಬಂದು ಹೇಳಿ." ಅವನು ಒಂದೇ ಉತ್ತರ ಕೊಡುತ್ತಿದ್ದ: "ನಾನದನ್ನ ಸರಿಯಾಗಿ ನೋಡ್ಲೇ ಇಲ್ಲ. ಹೊಡೆಯೋ ಅವಸರದಲ್ಲಿದ್ದೆ." ಅವರಿಗೆ ನಿರಾಸೆ.

ಗಾಟ್ಲೀಬ್ ತೀರಿಕೊಂಡ ದಿನ ವರ್ಜಿಲ್ ಸ್ಮಶಾನದ ಬೇಲಿಯಾಚೆ ಟೋಪಿ ಹಿಡಿದು ನಿಂತಿದ್ದ; ನೆಂಟರ ಸಾಲಿಗೆ ಬರುವ ಧೈರ್ಯ ಇಷ್ಟು ವರ್ಷಗಳಾದರೂ ಬಂದಿರಲಿಲ್ಲ. ಶವಪೆಟ್ಟಿಗೆ ಹೊರಲು ಒಬ್ಬ ಕಡಿಮೆಯಿದ್ದ. ಒಟೀಲಿಯಾ ಸುತ್ತ ನೋಡಿ ಗದರಿದಳು:

"ವರ್ಜಿಲ್, ಅಲ್ಲೇನ್ ಕಂಬದ ಹಾಗೆ ನಿಂತಿದೀಯ? ಬಾ, ಹೆಗಲು ಕೊಡು."

ತಲೆ ಎತ್ತದೆಯೇ ಅವನು ಬೇಲಿ ದಾಟಿ ಬಂದ.