ಸ್ಕೀ ಬೂಟಿಗೆ ಅಳತೆ

ಆ ಅಂಗಡಿಯ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸು ಬಂದವನು ನಾನು. ಮೊದಲ ಸಲ ಪಾರ್ಕಿಂಗ್ ಸಿಗಲಿಲ್ಲ ಎಂದು ಮಗಳಿಗೆ ಸುಳ್ಳು ಹೇಳಿದೆ. ಎರಡನೇ ಸಲ ಅಂಗಡಿ ಮುಚ್ಚಿತ್ತು ಎಂದೆ. ಅಂಗಡಿ ತೆರೆದೇ ಇತ್ತು. ಗಾಜಿನಾಚೆ ವಯಸ್ಸಾದವರೊಬ್ಬರು ಸ್ಟೂಲಿನ ಮೇಲೆ ಕೂತು, ಯಾರದೋ ಬರಿಗಾಲನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅದನ್ನು ಕಂಡೇ ನಾನು ಓಡಿಬಂದದ್ದು.

ನಮ್ಮ ಮನೆ ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನಲ್ಲಿ. ಅಂಗಡಿ ಇದ್ದದ್ದು ಅಲ್ಲಿಂದ ಅರ್ಧ ಗಂಟೆ ದೂರದ ಇನ್ನೊಂದು ಪೇಟೆಯ ಹಳೇ ಬೀದಿಯಲ್ಲಿ. ಅದರ ಗಾಜಿನ ಕಿಟಕಿಯ ಎಡಗಡೆ ಬಣ್ಣಬಣ್ಣದ ಸ್ಕೀ ಬೂಟುಗಳು. ಬಲಗಡೆ ಅಗಲ ಮೂತಿಯ ಕಪ್ಪು ಶೂಗಳು, ಸಕ್ಕರೆ ಕಾಯಿಲೆಯವರಿಗೆ ಅಳತೆ ತೆಗೆದು ಹೊಲಿದು ಕೊಡುವಂಥವು. ಇಲ್ಲಿ ಕಾಯಿಲೆಯ ಕಾಲಿಗೆ ಶೂ ಮಾಡುವುದು ವರ್ಷಗಟ್ಟಲೆ ಕಲಿಯುವ ಕಸುಬು. ಚಳಿಗಾಲದಲ್ಲಿ ಅಂಥವರೇ ಕೆಲವರು ಸ್ಕೀ ಬೂಟನ್ನೂ ಕಾಲಿಗೆ ಸರಿಯಾಗಿ ಕೂರಿಸಿ ಕೊಡುತ್ತಾರೆ. ಆಫೀಸಿನವರೆಲ್ಲ ಇದೇ ಅಂಗಡಿಯನ್ನು ಹೊಗಳಿದ್ದರು. ನನಗೆ ಮಾತ್ರ ಆ ಬಲಗಡೆಯ ಕಪ್ಪು ಶೂಗಳನ್ನು ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು.

ಯಾಕೆಂದರೆ ಒಂದು ವರ್ಷದಿಂದ ನನ್ನ ಕಾಲ್ಬೆರಳುಗಳು ನನ್ನ ಹತ್ತಿರ ಮಾತು ಬಿಟ್ಟಿದ್ದವು. ಮೊದಲು ಜೋಮು ಹಿಡಿದ ಹಾಗೆ ಆಗುತ್ತಿತ್ತು. ಆಮೇಲೆ ಅದೂ ಇಲ್ಲ. ಸ್ನಾನ ಮಾಡುವಾಗ ನೀರಿನ ಬಿಸಿ ಮೊಣಕಾಲಿಗೆ ತಿಳಿಯುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ.

ಅಪ್ಪ ಉಡುಪಿಯ ಕಡೆ ಬಸ್ ಕಂಡಕ್ಟರ್ ಆಗಿದ್ದವರು. ಸೀಟು ಖಾಲಿಯಾದ ಮೇಲೆ ಡ್ರೈವರನ ಪಕ್ಕ ಹೋಗಿ, ಎಂಜಿನ್ ಪೆಟ್ಟಿಗೆಯ ಮೇಲೆ ಬರಿಗಾಲಿಟ್ಟು ಹರಟುವುದು ಅವರ ಅಭ್ಯಾಸ. ಬೇರೆಯವರು ಅರೆಗಳಿಗೆ ಕಾಲಿಡಲಾಗದ ಬಿಸಿ ಅದು. ಒಂದು ದಿನ ಮನೆಗೆ ಬಂದಾಗ ಪಾದದಡಿ ಇಡೀ ಗುಳ್ಳೆ ಎದ್ದಿತ್ತು. “ಎಂತ ಇಲ್ಲ ಮಾರಾಯ್ತಿ, ಸಣ್ಣ ಗುಳ್ಳೆ” ಎಂದು ಅಮ್ಮನ ಬಾಯಿ ಮುಚ್ಚಿಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಎರಡು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮಂಡಿಯ ಕೆಳಗಿನದ್ದೆಲ್ಲ. ಆಗ ಅವರಿಗೆ ಐವತ್ತೊಂದು. ಈಗ ನನಗೆ ನಲವತ್ತೇಳು.

ಹೆಂಡತಿ ಹೇಳದೆ ಇದ್ದದ್ದಲ್ಲ. “ಒಮ್ಮೆ ರಕ್ತ ಕೊಟ್ಟು ಬನ್ನಿ ಮಾರಾಯ್ರೆ. ನಿಮ್ಮ ಅಪ್ಪನಿಗೆ ಶುಗರ್ ಇತ್ತಲ್ಲ, ನಿಮಗೂ ಬರ್ಲಿಕ್ಕೆ ಸಾಕು” ಎಂದು ಎಷ್ಟು ಸಲ ಹೇಳಿದ್ದಳೋ. “ಡಾಕ್ಟ್ರ ಟರ್ಮಿನ್ ಸಿಗ್ಬೇಕಲ್ಲ” ಎನ್ನುತ್ತಿದ್ದೆ. ಟರ್ಮಿನ್, ಅಂದರೆ ಡಾಕ್ಟರು ಕೊಡುವ ಸಮಯ, ಸಿಗುವುದಿಲ್ಲ ಎಂದರೆ ಜರ್ಮನಿಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಾನು ದಿನ ದೂಡುತ್ತಿದ್ದೆ. ಕಂಪನಿಯಲ್ಲಿ ನನ್ನ ಕೆಲಸ ಏನು ಗೊತ್ತೇ? ಯಂತ್ರದ ಬಿಡಿಭಾಗಗಳು ಎಲ್ಲಿ ಕೈಕೊಡುತ್ತವೆ ಎಂದು ಪರೀಕ್ಷೆ ಮಾಡುವುದು!

ಇದರ ನಡುವೆ ಮಗಳ ಹಟ. ಅವಳಿಗೆ ಹದಿಮೂರು. ಶಾಲೆಯ ಶಿಬಿರದಲ್ಲಿ ಸ್ಕೀ ಕಲಿತು ಬಂದಿದ್ದಳು. ಫೆಬ್ರವರಿಯ ರಜೆಯಲ್ಲಿ ಅಪ್ಪನೂ ಅವಳೊಂದಿಗೆ ಬೆಟ್ಟಕ್ಕೆ ಬರಬೇಕು, ಹೊಸಬರ ಕ್ಲಾಸಿಗೆ ಸೇರಬೇಕು. ಯಾವುದೋ ಒಳ್ಳೆಯ ಮೂಡಿನಲ್ಲಿದ್ದಾಗ ಹೂಂ ಅಂದಿದ್ದೆ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುವ ಹುಡುಗಿ, ಏನಾದರೂ ಬೇಕಾದಾಗ ಮಾತ್ರ ಚಂದದ ಕನ್ನಡ ಆಡುತ್ತಾಳೆ. “ಪಪ್ಪಾ, ನೀನು ಬರ್ತಿ ಅಂತ ನನ್ನ ಫ್ರೆಂಡ್ಸಿಗೆಲ್ಲ ಹೇಳಿ ಆಗಿದೆ. ಈ ಸಲ ನಾನೇ ಬರ್ತೇನೆ ಅಂಗಡಿಗೆ. ಪಾರ್ಕಿಂಗ್ ಸಿಗ್ತದೋ ಇಲ್ವೋ ನೋಡುವ” ಎಂದಳು. ಕಳ್ಳಿ, ಎಲ್ಲ ಗೊತ್ತಿತ್ತು ಅವಳಿಗೆ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಹೋದೆವು. ಚಳಿ ಎಂದು ನಾನು ಎರಡು ಜೊತೆ ಉಣ್ಣೆಯ ಕಾಲುಚೀಲ ಹಾಕಿದ್ದೆ. ಶೂ ಹೇಗೂ ದೊಡ್ಡದು. ಬೆಳೆಯುವ ಕಾಲು ಎಂದು ಚಿಕ್ಕಂದಿನಲ್ಲಿ ಎರಡು ಸೈಜು ದೊಡ್ಡದನ್ನೇ ಕೊಡಿಸುತ್ತಿದ್ದರು. ಕಾಲು ಬೆಳೆಯುವುದು ನಿಂತು ಮೂವತ್ತು ವರ್ಷವಾದರೂ ನನಗೆ ಆ ರೂಢಿ ಹೋಗಿಲ್ಲ. ಮುಂದೆ ಒಂದಿಷ್ಟು ಹತ್ತಿ ತುರುಕಿ, ಲೇಸು ಬಿಚ್ಚದೆ ಚಪ್ಪಲಿಯ ಹಾಗೆ ಕಾಲು ತೂರಿಸುತ್ತೇನೆ.

ಅಂಗಡಿಯವರು ಅರವತ್ತು ದಾಟಿದವರು. ಚರ್ಮದ ಏಪ್ರನ್ ಕಟ್ಟಿದ್ದರು. ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ತಾವು ಕೆಳಗೆ ಸ್ಟೂಲಿನಲ್ಲಿ ಕೂತು ನನ್ನ ಶೂಗೆ ಕೈ ಹಾಕಿದರು. ನಾನು ಬೆಚ್ಚಿ ಕಾಲೆಳೆದುಕೊಂಡೆ. ನನಗಿಂತ ಹಿರಿಯರ ತೊಡೆ ಮೇಲೆ ಕಾಲಿಡುವುದೇ? ಅವರ ಮಂಡಿಗೆ ನನ್ನ ಕಾಲು ತಗಲಿತು. ಅಭ್ಯಾಸಬಲದಿಂದ ಅವರ ಮಂಡಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವರು ಗಾಬರಿಯಿಂದ ಮಗಳ ಮುಖ ನೋಡಿದರು. ಅವಳು ನಾಚಿಕೆಯಿಂದ ಕೆಂಪಾಗಿ ಜರ್ಮನ್‌ನಲ್ಲಿ ಏನೋ ವಿವರಿಸಿದಳು. ಅವರು ನಕ್ಕು, ಶೂ ಬಿಚ್ಚಿದರು.

ಶೂನಿಂದ ಟಣ್ಣೆಂದು ಒಂದು ಕಲ್ಲು ನೆಲಕ್ಕೆ ಬಿತ್ತು. ಹಿಮ ಬಿದ್ದಾಗ ಯಾರೂ ಜಾರದಿರಲಿ ಎಂದು ಕಾಲುದಾರಿಗೆಲ್ಲ ಎರಚುತ್ತಾರಲ್ಲ, ಅಂಥ ಚೂಪು ಜಲ್ಲಿ. ಕಡಲೆಕಾಳಿನಷ್ಟಿತ್ತು. ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಈಗಷ್ಟೇ ಹೊಕ್ಕಿರಬೇಕು, ಇಲ್ಲೇ ಬಾಗಿಲ ಹತ್ತಿರ” ಎಂದೆ. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕತೆ ನನ್ನದು.

ಅವರು ಕಲ್ಲನ್ನು ಮೇಜಿನ ಮೇಲಿಟ್ಟರು. ನನ್ನ ಎರಡು ಕಾಲುಚೀಲ ನೋಡಿ ತಲೆಯಾಡಿಸಿದರು. ಸ್ಕೀ ಬೂಟಿಗೆ ಒಂದೇ ಚೀಲ, ಅದೂ ತೆಳ್ಳಗಿನದು. ದಪ್ಪವಾದರೆ ಕಾಲು ಒಳಗೆ ಅಲ್ಲಾಡುತ್ತದೆ, ರಕ್ತ ಓಡುವುದಿಲ್ಲ ಎಂದು ಒಂದು ಹೊಸ ಜೊತೆ ಕೊಟ್ಟರು. ನಾನೇ ಹಾಕಿಕೊಳ್ಳುತ್ತೇನೆ ಎಂದು ಪರದೆಯ ಹಿಂದೆ ಹೋದೆ.

ಮೇಲಿನ ಚೀಲ ತೆಗೆದೆ. ಒಳಗಿನದರಲ್ಲಿ ಕಿರುಬೆರಳ ಬುಡಕ್ಕೆ ಕೆಂಪು ಮಚ್ಚೆ, ಒದ್ದೆ. ಅದನ್ನೂ ತೆಗೆದೆ. ಚರ್ಮ ಕಿತ್ತು ಬಂದಿತ್ತು. ಬೆಳಿಗ್ಗೆ ಬ್ರೆಡ್ ತರಲು ನಡೆದು ಹೋಗಿದ್ದೆ, ಒಂದೂವರೆ ಗಂಟೆಯ ಹಿಂದೆ. ಆವಾಗಿಂದ ಆ ಕಲ್ಲು ಅಲ್ಲೇ ಇತ್ತು. ಬೆರಳನ್ನು ಒತ್ತಿದೆ, ಚಿವುಟಿದೆ. ಬೇರೆ ಯಾರದೋ ಬೆರಳು ಚಿವುಟಿದ ಹಾಗಿತ್ತು. ದೇವರೇ, ಇದೊಂದು ಸಲ ದಾಟಿಸಿಬಿಡು ಎಂದುಕೊಂಡು, ಗಾಯಕ್ಕೆ ಟಿಶ್ಯೂ ಸುತ್ತಿ, ಹೊಸ ಚೀಲ ಏರಿಸಿ, ಹಳೆಯದನ್ನು ಜಾಕೆಟ್ಟಿನ ಜೇಬಿಗೆ ತುರುಕಿ ಹೊರಗೆ ಬಂದೆ. ಡಾಕ್ಟರ ಬಳಿ ನಾಳೆಯೇ ಹೋಗುತ್ತೇನೆ, ಇವತ್ತು ಮಗಳ ಎದುರು ಮಾತ್ರ ಬೇಡ. ನಾಳೆ ಭಾನುವಾರ ಎಂಬುದೂ ನೆನಪಿರಲಿಲ್ಲ.

ಅವರು ಬೂಟಿನ ಒಳಗಿನ ಮೆತ್ತೆ ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ನನ್ನ ಕಾಲಿಟ್ಟು ಹಿಮ್ಮಡಿಯ ಹಿಂದೆ ಎರಡು ಬೆರಳು ತೂರಿಸಿ ನೋಡಿದರು. ನಾನು ಹಾಕುತ್ತಿದ್ದ ಸೈಜಿಗಿಂತ ಎರಡು ಕಡಿಮೆ ಎಂದರು. ಮೆತ್ತೆ ಸೇರಿಸಿ, ಬೂಟು ತೊಡಿಸಿ, ನಿಲ್ಲಿಸಿದರು.

“ನೆಟ್ಟಗೆ ನಿಂತಾಗ ಬೆರಳ ತುದಿ ಮುಂದೆ ತಾಗುತ್ತದಾ?”

“ತಾಗುತ್ತದೆ.”

“ಮಂಡಿ ಬಗ್ಗಿಸಿದರೆ?”

“ಹಿಂದೆ ಸರಿಯುತ್ತದೆ.”

ಸರಿಯಾದ ಉತ್ತರ ಅದೇ. ಹಿಂದಿನ ವಾರವಿಡೀ ಮಗಳು ಊಟದ ಮೇಜಿನಲ್ಲಿ ಅದನ್ನೇ ಪಾಠ ಮಾಡಿದ್ದಳು. ನನಗೆ ತಾಗಿದ್ದೂ ಗೊತ್ತಿಲ್ಲ, ಸರಿದದ್ದೂ ಗೊತ್ತಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವನ ಹಾಗೆ ಕತ್ತಿನ ಹಿಂದೆ ಬೆವರುತ್ತಿದ್ದೆ.

ಅವರು ಬೂಟಿನ ಕೊಕ್ಕೆಗಳನ್ನು ಒಂದು ಹಲ್ಲು ಬಿಗಿ ಮಾಡಿದರು. ನೋಯುತ್ತದಾ ಎಂದರು. ಇಲ್ಲ ಎಂದೆ. ಇನ್ನೊಂದು ಹಲ್ಲು. ಇಲ್ಲ, ಚೆನ್ನಾಗಿದೆ. ಮತ್ತೂ ಒಂದು. ಅವರು ನನ್ನ ಕಾಲನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು.

“ಪಪ್ಪಾ, ಅಷ್ಟು ಟೈಟ್ ಮಾಡಿದ್ರೆ ನಾನು ಬೊಬ್ಬೆ ಹಾಕ್ತಿದ್ದೆ” ಎಂದಳು ಮಗಳು. “ನಿಜ ಹೇಳು, ನೋಯ್ತಾ ಇಲ್ವಾ?”

“ನಿನ್ನ ಹಾಗೆ ಬೆಣ್ಣೆ ಕಾಲಲ್ಲ ನಂದು” ಎಂದು ನಕ್ಕೆ. ನಗು ಸರಿಯಾಗಿ ಬರಲಿಲ್ಲ.

ಅವರು ಕೊಕ್ಕೆ ಬಿಚ್ಚಿದರು, ಬೂಟು ಎಳೆದರು. ಬೂದು ಬಣ್ಣದ ಹೊಸ ಚೀಲದ ಅಂಚಿನಲ್ಲಿ ಕೆಂಪು ಒಸರಿತ್ತು. ಅವರೇ ಚೀಲ ತೆಗೆದರು. ಟಿಶ್ಯೂ ರಕ್ತದಲ್ಲಿ ಅಂಟಿಕೊಂಡಿತ್ತು. ಮಗಳು ಬಾಯಿಗೆ ಕೈ ಹಿಡಿದಳು. ಅವರು ಗಾಯ ತೊಳೆದು, ಪಟ್ಟಿ ಹಾಕಿ, ಮೇಜಿನ ಮೇಲಿದ್ದ ಕಲ್ಲನ್ನೊಮ್ಮೆ ನೋಡಿ, ನಿಧಾನವಾಗಿ, ನನಗೆ ಒಂದೊಂದು ಪದವೂ ಅರ್ಥವಾಗುವ ಹಾಗೆ ಹೇಳಿದರು: “ಇವತ್ತು ನಿಮಗೆ ಬೂಟು ಕೊಡುವುದಿಲ್ಲ. ಇದನ್ನು ಹಾಕಿ ದಿನವಿಡೀ ಹಿಮದಲ್ಲಿ ನಿಂತರೆ, ಸಂಜೆ ಬೆರಳು ಕಪ್ಪಾಗಿದ್ದರೂ ನಿಮಗೆ ತಿಳಿಯುವುದಿಲ್ಲ. ಮೊದಲು ಡಾಕ್ಟರ ಹತ್ತಿರ ಹೋಗಿ.”

ನನಗೆ ಸಿಟ್ಟು ಬಂತು. ಹೆದರಿದಾಗ ಸಿಟ್ಟು ಬರುವುದು ನಮ್ಮ ಮನೆತನದ ಗುಣ. “ನನಗೆ ಎಲ್ಲ ತಿಳಿಯುತ್ತದೆ. ಬೇಕಾದರೆ ಪರೀಕ್ಷೆ ಮಾಡಿ” ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

ಅವರು ಡ್ರಾಯರಿನಿಂದ ಪೆನ್ನಿನಂಥದ್ದೊಂದು ತೆಗೆದರು. ತುದಿಯಲ್ಲಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆ. ಕಪ್ಪು ಶೂಗಳ ಗಿರಾಕಿಗಳಿಗೆ ಸ್ಪರ್ಶ ತಿಳಿಯುತ್ತದೋ ಎಂದು ಅದರಿಂದಲೇ ನೋಡುತ್ತಾರಂತೆ. “ಕಣ್ಣು ಮುಚ್ಚಿ. ಪಾದಕ್ಕೆ ಮುಟ್ಟಿದಾಗಲೆಲ್ಲ ಹೌದು ಅನ್ನಿ” ಎಂದರು.

ಕಣ್ಣು ಮುಚ್ಚಿದೆ. ಏನೂ ತಿಳಿಯಲಿಲ್ಲ. ಪರೀಕ್ಷೆ ಮಾಡುವವರಿಗೊಂದು ಲಯ ಇರುತ್ತದೆ, ನನಗೆ ಗೊತ್ತಿಲ್ಲವೇ ಎಂದುಕೊಂಡು ಮನಸ್ಸಿನಲ್ಲೇ ಮೂರು ಎಣಿಸಿ “ಹೌದು” ಎಂದೆ. ಮತ್ತೆ ಮೂರು ಎಣಿಸಿ “ಹೌದು.” ಸ್ಟೂಲು ಕಿರ್ರೆಂದಾಗ ಇನ್ನೊಂದು “ಹೌದು.” ನಾಲ್ಕನೆಯದಕ್ಕೆ ಬಾಯಿ ತೆರೆಯುತ್ತಿದ್ದೆ.

“ಪಪ್ಪಾ” ಎಂದಳು ಮಗಳು. “ಅವ್ರು ಇನ್ನೂ ಮುಟ್ಲೇ ಇಲ್ಲ.”

ಕಣ್ಣು ತೆರೆದೆ. ಅವರು ಕೈಕಟ್ಟಿ ಕೂತಿದ್ದರು. ಆ ಎಳೆ ಅವರ ತೊಡೆಯ ಮೇಲಿತ್ತು. ಅವರು ನನ್ನತ್ತ ನೋಡದೆ ಎದ್ದು, ಬೂಟುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮಗಳು ಬಂದು ಖಾಲಿ ಸ್ಟೂಲಿನಲ್ಲಿ ಕೂತಳು. “ಯಾವಾಗಿಂದ?” ಎಂದಳು.

“ಒಂದು ವರ್ಷ ಆಯ್ತು” ಎಂದೆ. “ನಿನ್ನ ಅಮ್ಮನಿಗೂ ಹೇಳ್ಲಿಲ್ಲ. ನಂಗೆ ಹೆದರಿಕೆ ಆಗ್ತದೆ ಮಗಾ. ಅಜ್ಜನ ಹಾಗೆ ಆದ್ರೆ ಎಂತ ಮಾಡುದು?”

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಗ್ಗಿ ನನ್ನ ಕಾಲಿನ ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗುವಷ್ಟು ಗಟ್ಟಿಯಾಗಿ ಹಿಡಿದಿದ್ದಳು. ಅದು ನನಗೆ ತಿಳಿದದ್ದು ಕಣ್ಣಿನಿಂದ.

“ಇದು ಗೊತ್ತಾಗ್ತದಾ ಪಪ್ಪಾ?”

“ಇಲ್ಲ” ಎಂದೆ.